ಮನಿ ಕಟ್ಟೋ ಮುಂಚೆ ನೀರು, ಗಾಳಿ, ಮಣ್ಣು ಹೆಂಗ ನೋಡಬೇಕು? (ಬಾಗಲಕೋಟೆ ಜಿಲ್ಲೆ)

ಘಟಪ್ರಭಾ_ದಂಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜಿಲ್ಲೆಯೊಳಗೇ ಕಾಯಂ ಮನೆ ಮಾಡಬೇಕಾಗಿದೆ. ಮನೆಯಲ್ಲಿ ಐದು ಜನ. ಮಾವನವರಿಗೆ 68 ವರ್ಷ, ಉಬ್ಬಸ ಇದೆ. ಮಗಳಿಗೆ ನಾಲ್ಕು ವರ್ಷ. ಮೂರು ಜಾಗ ನೋಡಿಟ್ಟಿದ್ದೇವೆ.

ಒಂದು, ಮುಧೋಳ ಕಡೆ ಎನ್.ಎ. (ಕೃಷಿಯೇತರ) ಪ್ಲಾಟು. ಸಕ್ಕರೆ ಕಾರ್ಖಾನೆಯಿಂದ ಪಶ್ಚಿಮಕ್ಕೆ ಸುಮಾರು ಎರಡು ಕಿ.ಮೀ. ಜುಲೈನಲ್ಲಿ ನೋಡಿದಾಗ ಸುತ್ತ ಹಸಿರು, ತಂಪು ಗಾಳಿ, ವಾಸನೆ ಏನೂ ಇರಲಿಲ್ಲ. ಎರಡನೆಯದು ಹುನಗುಂದದ ಹೊರಗೆ ಹೊಸ ಲೇಔಟ್, 400 ಅಡಿ ಬೋರ್. ನೀರು ಕುಡಿಯಲು ಸಿಹಿ, ಬ್ಯಾಳಿ ಚೆನ್ನಾಗಿ ಬೇಯುತ್ತದೆ ಎಂದು ಅಲ್ಲಿಯವರು ಹೇಳುತ್ತಾರೆ. ಮೂರನೆಯದು ಬಾಗಲಕೋಟೆ ನವನಗರದಲ್ಲಿ ಬಾಡಿಗೆ ಮನೆ, ನದಿ ನೀರು ನಲ್ಲಿಗೆ ಬರುತ್ತದೆ, ಆದರೆ ದಿನಾ ಅಲ್ಲ.

ರೇಟು, ರಸ್ತೆ, ಕಾಗದಪತ್ರ ಎಲ್ಲ ನೋಡಿಕೊಂಡಿದ್ದೇವೆ. ಕೇಳಬೇಕಾದದ್ದು ಇಷ್ಟೇ: ಆರೋಗ್ಯದ ದೃಷ್ಟಿಯಿಂದ ಯಾವ ಪರೀಕ್ಷೆ, ಯಾವ ತಿಂಗಳಲ್ಲಿ, ಹೇಗೆ ಮಾಡಿಸಬೇಕು?

---

ನೀರಿನ_ಲೆಕ್ಕ:

ಹುನಗುಂದದ ಬೋರಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮೂರರಲ್ಲಿ ಜನ ಮೋಸ ಹೋಗುವುದು ಅಲ್ಲೇ ಹೆಚ್ಚು.

ನೀರಿನ ಗುಣ ಕೆಳಗಿನ ಕಲ್ಲಿನ ಮೇಲೆ ನಿಂತಿದೆ. ಕೃಷ್ಣೆಯ ಆಚೆ ವಿಜಯಪುರದ ಕಡೆ ಕರಿಕಲ್ಲು, ಬಾದಾಮಿ–ಗುಳೇದಗುಡ್ಡದ ಕಡೆ ಮರಳುಗಲ್ಲು, ಲೋಕಾಪುರದ ಸುತ್ತ ಸುಣ್ಣಕಲ್ಲು, ಹುನಗುಂದ–ಇಳಕಲ್ ಕಡೆ ಗ್ರಾನೈಟ್. ಗ್ರಾನೈಟಿನಲ್ಲಿರುವ ಕೆಲ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಕರಗಿ ನೀರಿಗೆ ಸೇರುತ್ತದೆ. ಬೋರು ಆಳ ಹೋದಷ್ಟೂ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದಿರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಆಳದ ಬೋರಿನಲ್ಲಿ ಫ್ಲೋರೈಡ್ ಹೆಚ್ಚು. ಆಳವಿಲ್ಲದ ಬಾವಿಯಲ್ಲಿ ಅದು ಕಡಿಮೆ, ಬದಲಿಗೆ ನೈಟ್ರೇಟ್ ಮತ್ತು ರೋಗಾಣುಗಳ ಕಾಟ ಜಾಸ್ತಿ.

"ಬ್ಯಾಳಿ ಬೇಯುತ್ತದೆ, ಸಬಕಾರ ನೊರೆ ಬರುತ್ತದೆ, ಅಂದಮೇಲೆ ನೀರು ಒಳ್ಳೆಯದು" ಎನ್ನುವ ಲೆಕ್ಕ ಗಡಸುತನಕ್ಕೆ ಮಾತ್ರ ಸರಿ. ಫ್ಲೋರೈಡಿಗೆ ಅದು ಉಲ್ಟಾ ಹೊಡೆಯಬಹುದು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಾ ಅಂಶ ಹೆಚ್ಚು ಇರುವ ಮೆದು ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಅದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಟಿಡಿಎಸ್ ಮೀಟರ್ ಅದ್ದಿ "ಐನೂರು ಐತಿ, ಚಲೋ ನೀರು" ಎನ್ನುವವರ ಮಾತು ಕೇಳಬೇಡಿ. ಆ ಮೀಟರು ಕರಗಿದ ಲವಣಗಳ ಒಟ್ಟು ಮೊತ್ತ ಹೇಳುತ್ತದೆ, ಫ್ಲೋರೈಡ್ ಎಷ್ಟು ಎಂದು ಹೇಳುವುದಿಲ್ಲ.

ಬಿಐಎಸ್ ಮಾನದಂಡ (ಐಎಸ್ 10500:2012) ಪ್ರಕಾರ ಲೀಟರಿಗೆ 1.0 ಮಿ.ಗ್ರಾಂ. ಒಳಗಿದ್ದರೆ ಸರಿ. ಬೇರೆ ಮೂಲವೇ ಇಲ್ಲದಿದ್ದರೆ 1.5 ರವರೆಗೆ ಒಪ್ಪಬಹುದು. ಮಗಳಿಗೆ ನಾಲ್ಕು ವರ್ಷ ಎಂದಿರಿ, ಅದೇ ಮುಖ್ಯ. ಕಾಯಂ ಹಲ್ಲುಗಳ ಹೊರಪದರ ವಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಈ ಅವಧಿಯಲ್ಲಿ ಕುಡಿದದ್ದು ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಕಲೆಯಾಗಿ ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರ ಹಲ್ಲಿಗೆ ಹೊಸದಾಗಿ ಕಲೆ ಬರುವುದಿಲ್ಲ, ಅವರಿಗೆ ವರ್ಷಗಟ್ಟಲೆ ಕುಡಿದ ಮೇಲೆ ಬೆನ್ನು, ಕುತ್ತಿಗೆ, ಮೊಣಕಾಲು ಬಿಗಿಯುತ್ತದೆ.

ಸ್ಯಾಂಪಲ್ ತೆಗೆಯುವ ಕ್ರಮ: ಪಂಪು ಚಾಲೂ ಮಾಡಿ ಹತ್ತು ನಿಮಿಷ ನೀರು ಹರಿಯಲು ಬಿಡಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಕಂಠಪೂರ್ತಿ ತುಂಬಿ ಮುಚ್ಚಳ ಬಿಗಿ ಮಾಡಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿಗೆ ಹತ್ತುತ್ತದೆ. ಈ ಸ್ಯಾಂಪಲ್ ನಾಲ್ಕು ವಾರ ಇಟ್ಟರೂ ಕೆಡುವುದಿಲ್ಲ. ರೋಗಾಣು ಪರೀಕ್ಷೆಯ ಸ್ಯಾಂಪಲ್ ಹಾಗಲ್ಲ. ಅದಕ್ಕೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಲ್ಯಾಬ್ ಸಾರ್ವಜನಿಕರ ಸ್ಯಾಂಪಲ್ಲನ್ನೂ ತೆಗೆದುಕೊಳ್ಳುತ್ತದೆ. ಫ್ಲೋರೈಡ್, ನೈಟ್ರೇಟ್, ಗಡಸುತನ, ಟಿಡಿಎಸ್, ಪಿಎಚ್ ಐದನ್ನೂ ಬರೆದುಕೊಡಿ. ಸಾಧ್ಯವಿದ್ದರೆ ಮೇ ಕೊನೆಗೆ ಒಮ್ಮೆ, ಮಳೆಗಾಲ ಮುಗಿದು ನವೆಂಬರಿನಲ್ಲಿ ಒಮ್ಮೆ ಮಾಡಿಸಿ, ಎರಡು ಸಲದ ಅಂಕಿ ಒಂದೇ ಇರುವುದಿಲ್ಲ.

ಇನ್ನೊಂದು ಪುಕ್ಕಟೆ ಪರೀಕ್ಷೆ: ಆ ಊರಿನ ಶಾಲೆಯ ಆರನೇ, ಏಳನೇ ಇಯತ್ತೆ ಮಕ್ಕಳು ನಕ್ಕಾಗ ಮುಂದಿನ ಹಲ್ಲು ನೋಡಿ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಹಲ್ಲಿಗೆ ಅಡ್ಡ ಕಂದು ಪಟ್ಟಿ ಎರಡೂ ಬದಿ ಒಂದೇ ಥರ ಕಂಡರೆ ಲ್ಯಾಬ್ ರಿಪೋರ್ಟು ಏನು ಹೇಳಬಹುದು ಎಂದು ಊಹಿಸಬಹುದು. ಒಂದೇ ಹಲ್ಲಿನಲ್ಲಿ ಕಲೆ ಇದ್ದರೆ ಅದು ಬೇರೆ.

---

ಎರಿಹೊಲ:

ಅಕ್ಕಾರ, ಮುಧೋಳದ ಪ್ಲಾಟ್ ಜುಲೈದಾಗ ನೋಡೇರಿ ಅಂತೀರಿ. ಹಂಗ ನೋಡಿದ್ರ ಏನೂ ತಿಳಿಯೂದಿಲ್ಲ ನೋಡ್ರಿ. ಮಳಿಗಾಲದಾಗ ಗಾಳಿ ಪಡುವಣದಿಂದ ಬೀಸತೈತಿ, ಮ್ಯಾಲ ಕಾರ್ಖಾನಿನೂ ಬಂದ್ ಇರತೈತಿ. ಕಬ್ಬು ನುರಿಸೋ ಹಂಗಾಮು ಚಾಲೂ ಆಗೂದು ಅಕ್ಟೋಬರ್ ಕೊನಿ, ನವೆಂಬರ್‌ದಾಗ. ಆವಾಗ ಗಾಳಿ ತಿರುಗಿ ಮೂಡಣ, ಈಶಾನ್ಯದಿಂದ ಬರತೈತಿ. ನಿಮ್ಮ ಪ್ಲಾಟು ಕಾರ್ಖಾನಿಗೆ ಪಡುವಣಕ್ಕ ಐತಿ ಅಂದ್ರ ಚಿಮಣಿ ಚಾಲೂ ಇದ್ದಷ್ಟು ದಿನ ಹೊಗಿ ನಿಮ್ಮ ಕಡೀನ ಬರೂದು. ಅದೇ ಎರಡು ಕಿಲೋಮೀಟರ್ ಪ್ಲಾಟು ಕಾರ್ಖಾನಿಗೆ ಮೂಡಣಕ್ಕ ಇದ್ದಿದ್ರ ಇಷ್ಟು ಚಿಂತಿ ಇರತಿರಲಿಲ್ಲ. ದೂರಕ್ಕಿಂತ ದಿಕ್ಕು ನೋಡ್ರಿ.

ಡಿಸೆಂಬರ್ ಇಲ್ಲಾ ಜನವರಿದಾಗ ಮುಂಜಾನೆ ಐದರಿಂದ ಏಳರ ಒಳಗ ಹೋಗ್ರಿ. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ, ಮ್ಯಾಲ ಬೆಚ್ಚನ ಗಾಳಿ ಮುಚ್ಚಳ ಹಾಕಿದಂಗ ಕುಂದರತೈತಿ, ಹೊಗಿ ಮ್ಯಾಲ ಏರೂದಿಲ್ಲ. ಹೊಲದಾಗ ಸುಟ್ಟ ರವದಿ (ಕಬ್ಬಿನ ಒಣ ಸೋಗಿ) ಹೊಗಿ, ಬೆಲ್ಲದ ಗಾಣದ ಹೊಗಿ, ಮನಿ ಮನಿ ನೀರೊಲಿ ಹೊಗಿ, ಎಲ್ಲಾ ಆಳೆತ್ತರದಾಗ ನಿಂತಿರತೈತಿ. ಬಿಸಲು ಏರಿ ಒಂಬತ್ತು, ಹತ್ತು ಗಂಟೆ ಆದಮ್ಯಾಲ ಬಿಚ್ಚತೈತಿ. ಅದಕ್ಕ ಉಬ್ಬಸ ಇದ್ದ ಹಿರಿಯರಿಗೆ ಚಳಿಗಾಲದಾಗ ನಸುಕಿನ ವಾಕಿಂಗ್ ಬ್ಯಾಡ. "ಮುಂಜಾನೆ ಗಾಳಿ ಶುದ್ಧ" ಅನ್ನೋ ಮಾತು ಈ ಸೀಮಿಯೊಳಗ ಹಂಗಾಮಿನ್ಯಾಗ ನಡಿಯೂದಿಲ್ಲ. ಹತ್ತಕ್ಕ ಹೋಗಲಿ, ಇಲ್ಲಾ ಸಂಜಿ ನಾಲ್ಕಕ್ಕ.

ಒಂದು ರಾತ್ರಿ ಮಾಳಿಗಿ ಮ್ಯಾಲ ಸ್ಟೀಲ್ ಪರಾತ ಇಟ್ಟು ಮುಂಜಾನೆ ಬಟ್ಟಲೆ ಒರಿಸಿ ನೋಡ್ರಿ. ಕರಿ ಚೂರು ಇದ್ದು, ತಿಕ್ಕಿದ್ರ ಪುಡಿ ಆಗಿ ಕಾಡಿಗಿ ಹಂಗ ಹತ್ತಿದ್ರ ಅದು ಬಗಾಸಿನ (ರಸ ತಗದ ಕಬ್ಬಿನ ಸಿಪ್ಪಿ) ಬೂದಿ. ಬೂದುಬಣ್ಣ ಇದ್ದು ಬಟ್ಟಿನ್ಯಾಗ ಕರಕರ ಅಂದ್ರ ಕ್ರಷರ್ ಇಲ್ಲಾ ರಸ್ತಾದ ಧೂಳಿ. ಒಗದ ಅರಿವಿ ಮ್ಯಾಲ, ಸಂಡಿಗಿ ಮ್ಯಾಲ ಬೀಳೋ ದೊಡ್ಡ ಬೂದಿಗೆ ಜನ ಬೈತಾರ, ಆದ್ರ ಅದು ಮೂಗಿನ್ಯಾಗ ನಿಲ್ಲತೈತಿ. ಎದಿ ಒಳಗ ಇಳಿಯೂದು ಕಣ್ಣಿಗೆ ಕಾಣದ ಸಣ್ಣದು. ಸಣ್ಣ ಕಣದ ಮಿತಿ 24 ತಾಸಿನ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಕೈಯಾಗ ಹಿಡಿಯೋ ಮೀಟರ್ ಯಾರದರೇ ಇದ್ರ ಇಸಗೊಂಡು ಮೂರು ಹೊತ್ತು ನೋಡ್ರಿ, ಒಂದ ಹೊತ್ತು ನೋಡಿದ್ರ ಲೆಕ್ಕಕ್ಕ ಬರೂದಿಲ್ಲ. ಮೋತಿಗೆ ಟಾವೆಲ್ ಕಟ್ಟಿಕೊಂಡ್ರ ಈ ಕಣ ನಿಲ್ಲೂದಿಲ್ಲ, ಎನ್-95 ಬೇಕು.

ಬಯಲಾಗ ರಾಶಿ ಹಾಕಿದ ಹಳೇ ಬಗಾಸು ಹಸಿ ಇದ್ದು ಬೂಸು ಹಿಡದಿದ್ರ ಅದರ ಧೂಳಿ ಬ್ಯಾರೇನ ಕಾಟ. ಪುಪ್ಪುಸಕ್ಕ ಅಲರ್ಜಿ ಆಗಿ ಜ್ವರ, ಕೆಮ್ಮು, ದಮ್ಮು ಬರತಾವು. ಜಾಸ್ತಿ ಅದು ಕೆಲಸಗಾರರಿಗೆ, ಆದ್ರ ರಾಶಿ ಮಗ್ಗಲಾಗ ಮನಿ ಇದ್ರ ನೋಡ್ಕೋಬೇಕು.

ಇಷ್ಟೆಲ್ಲಾ ಮಾಡಿ ಮನಿಯೊಳಗ ನೀರೊಲಿಗೆ ಪ್ಲಾಸ್ಟಿಕ್, ಹಳೇ ಟೈರು ಹಾಕಿ ಕಾಸಿದ್ರ ಕಾರ್ಖಾನಿಗೆ ಬೈಯೋ ಹಕ್ಕ ಇರೂದಿಲ್ಲ ಮತ್ತ.

---

ಓಣಿ_ಆರೋಗ್ಯ:

ನವನಗರದ ಬಾಡಿಗೆ ಮನೆಯ ಬಗ್ಗೆ ಯಾರೂ ಬರೆದಿಲ್ಲ. ನದಿ ನೀರಿನಲ್ಲಿ ಫ್ಲೋರೈಡ್ ಚಿಂತೆ ಇಲ್ಲವೆಂದೇ ಹೇಳಬಹುದು. ಅಲ್ಲಿ ನೋಡಬೇಕಾದ್ದು ನೀರು ಬಾರದ ದಿನಗಳನ್ನು.

ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಮನೆಯ ಕನೆಕ್ಷನ್ ಗಟಾರದೊಳಗಿಂದ ಹಾದು ಬಂದಿದ್ದು, ಜಾಯಿಂಟ್ ಸಡಿಲಿದ್ದರೆ ಗಟಾರದ ನೀರು ಒಳಗೆ ಎಳೆಯುತ್ತದೆ. ಎರೆ ನೆಲ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ನಮ್ಮಲ್ಲಿ ಜಾಯಿಂಟ್ ಬಿಡುವುದು ಹೆಚ್ಚು. ಮನೆ ನೋಡಲು ಹೋದಾಗ ಆ ಪೈಪು ಎಲ್ಲಿಂದ ಬಂದಿದೆ ಎಂದು ಬಗ್ಗಿ ನೋಡಿ. ನೀರು ಬಿಟ್ಟ ಮೊದಲ ಹತ್ತು ನಿಮಿಷ ಕುಡಿಯಲು ಹಿಡಿಯಬೇಡಿ, ನೆಲ ತೊಳೆಯಲು ಬಳಸಿ. ಸಂಶಯ ಬಂದರೆ ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಹೊಸ ಪೌಡರಾದರೆ 1,000 ಲೀಟರಿಗೆ 2.5 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಸುರಿದು ಅರ್ಧ ತಾಸು ಬಿಡಿ. ಬಾಯಿ ತೆರೆದಿಟ್ಟ ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ಎರಡನೆಯದು ಸೊಳ್ಳೆ. ನೀರು ದಿನಾ ಬಾರದ ಓಣಿಯಲ್ಲಿ ಪ್ರತಿ ಮನೆಯಲ್ಲೂ ಹೌದು (ನೀರಿನ ತೊಟ್ಟಿ), ಬ್ಯಾರಲ್, ಹಂಡೆ ತುಂಬಿರುತ್ತವೆ. ಡೆಂಗಿ, ಚಿಕುನ್‌ಗುನ್ಯ ತರುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ, ಗಟಾರದಲ್ಲಿ ಅಲ್ಲ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಬರೀ ನೀರು ಚೆಲ್ಲಿದರೆ ಆಗುವುದಿಲ್ಲ. ಮೊಟ್ಟೆ ನೀರಿನ ಅಂಚಿಗಿಂತ ತುಸು ಮೇಲೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದ ಕೂಡಲೇ ಒಡೆಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಖಾಲಿ ಮಾಡಿ, ತೆಂಗಿನ ನಾರು ಇಲ್ಲವೇ ಬ್ರಷ್‌ನಿಂದ ಗೋಡೆ ತಿಕ್ಕಿ, ಒಂದು ತಾಸು ಬಿಸಿಲಿಗೆ ಒಣಗಿಸಿ ತುಂಬಿ. ಖಾಲಿ ಮಾಡಲಾಗದ ನೆಲದ ಟಾಕಿಗೆ ಗಪ್ಪಿ ಮೀನು ಬಿಡಬಹುದು. ಏರ್ ಕೂಲರಿನ ತಳದ ಟ್ರೇ ಎಲ್ಲರೂ ಮರೆಯುವ ಜಾಗ. ಈ ಸೊಳ್ಳೆ ದೂರ ಹಾರುವುದಿಲ್ಲ, ಹುಟ್ಟಿದ ಜಾಗದ ಆಸುಪಾಸಿನ ಮನೆಗಳಲ್ಲೇ ಸುತ್ತುತ್ತದೆ. ಹಾಗಾಗಿ ನಿಮ್ಮ ಮನೆಯಷ್ಟೇ ಆಚೀಚೆ ನಾಲ್ಕು ಮನೆಗಳ ಹೌದೂ ಲೆಕ್ಕಕ್ಕೆ ಬರುತ್ತದೆ.

---

ಘಟಪ್ರಭಾ_ದಂಡಿ:

ಎಲ್ಲರಿಗೂ ಧನ್ಯವಾದ. ಎರಡೂ ಕಡೆಯ ರಿಪೋರ್ಟು ಬಂದಿದೆ (ಪಿಎಚ್ ಬಿಟ್ಟು ಉಳಿದದ್ದು ಲೀಟರಿಗೆ ಮಿ.ಗ್ರಾಂ.).

ಹುನಗುಂದ: ಪಿಎಚ್ 8.3, ಟಿಡಿಎಸ್ 780, ಗಡಸುತನ 140, ಫ್ಲೋರೈಡ್ 2.6, ನೈಟ್ರೇಟ್ 30.
ಮುಧೋಳ ಕಡೆ: ಪಿಎಚ್ 7.4, ಟಿಡಿಎಸ್ 1,650, ಗಡಸುತನ 620, ಫ್ಲೋರೈಡ್ 0.7, ನೈಟ್ರೇಟ್ 88.

ಹುನಗುಂದದಲ್ಲಿ ಕುದಿಸಿ ಕುಡಿದರೆ ನಡೆಯುತ್ತದೆಯೇ? ಆರ್‌ಒ ಹಾಕಿಸಿದರೆ ಸಾಕೇ?

---

ನೀರಿನ_ಲೆಕ್ಕ:

ಮೊದಲು ಹೇಳಿದ್ದರ ಉದಾಹರಣೆಯೇ ಬಂದಿದೆ ನೋಡಿ. ಮೆದು ನೀರಿನಲ್ಲಿ 2.6, ಗಡಸು ನೀರಿನಲ್ಲಿ 0.7.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆರ್‌ಒ ಕೆಲಸ ಮಾಡುತ್ತದೆ. ಮೆಂಬ್ರೇನ್ (ಒಳಗಿನ ಸೋಸುವ ಪೊರೆ) ಸರಿಯಿದ್ದರೆ 90 ಪ್ರತಿಶತದಷ್ಟು ತೆಗೆಯುತ್ತದೆ, 2.6 ಇದ್ದದ್ದು 0.26ಕ್ಕೆ ಇಳಿಯುತ್ತದೆ. ಆದರೆ ಮೆಷಿನ್ನಿನೊಳಗೆ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ಸ್ಕ್ರೂ ಇರುತ್ತದೆ. ರುಚಿ ಬರಲಿ ಎಂದು ಮೆಕ್ಯಾನಿಕ್ ಅದನ್ನು ತಿರುಗಿಸಿ ಕಚ್ಚಾ ನೀರನ್ನು ಶುದ್ಧ ನೀರಿಗೆ ಬೆರೆಸಿಬಿಡುತ್ತಾನೆ. ಮೂರನೇ ಒಂದು ಪಾಲು ಬೆರೆತರೆ ಫ್ಲೋರೈಡ್ 1.04, ಅಂದರೆ ಮಿತಿ ದಾಟಿತು. ಹುನಗುಂದದಂಥ ನೀರಿಗೆ ಆ ಸ್ಕ್ರೂ ಪೂರ್ತಿ ಬಂದ್ ಇರಬೇಕು. ಕೂರಿಸಿದ ದಿನವೇ ಒಳಹೋಗುವ ಮತ್ತು ಹೊರಬರುವ ನೀರಿನ ಟಿಡಿಎಸ್ ಬರೆದಿಡಿ. 780 ಇದ್ದದ್ದು 80ರ ಸುತ್ತ ಬರಬೇಕು, 150 ದಾಟಿದರೆ ಮೆಂಬ್ರೇನ್ ಬದಲಿಸುವ ಕಾಲ. ಟಿಡಿಎಸ್ ಮೀಟರಿಗೆ ಕೆಲಸ ಇರುವುದು ಇಲ್ಲೇ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವುದಾದರೂ ಇದೇ ಮಾತು, ಆ ನೀರನ್ನೂ ವರ್ಷಕ್ಕೊಮ್ಮೆ ಲ್ಯಾಬಿಗೆ ಕೊಡಿ.

ಇನ್ನೊಂದು ತಪ್ಪು, ಕುಡಿಯಲು ಮಾತ್ರ ಆರ್‌ಒ, ಅಡುಗೆಗೆ ಬೋರಿನ ನೀರು. ಅನ್ನ, ಬ್ಯಾಳಿ, ಹಿಟ್ಟು ಕಲಸುವುದು, ಚಹಾ ಎಲ್ಲದರಲ್ಲೂ ಆ ನೀರು ಹೊಟ್ಟೆಗೇ ಹೋಗುತ್ತದೆ. ಐದು ಜನರಿಗೆ ಕುಡಿಯಲು 15, ಅಡುಗೆಗೆ 10, ಒಟ್ಟು ದಿನಕ್ಕೆ 25 ಲೀಟರ್ ಶುದ್ಧ ನೀರು ಬೇಕು. ಮೆಷಿನ್ ಹೊರಹಾಕುವ ವೇಸ್ಟ್ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ, ಪಾತ್ರೆ ತೊಳೆಯಲು, ನೆಲ ಒರೆಸಲು ಬಳಸಿ, ಆಕಳಿಗೆ ಕುಡಿಸಬೇಡಿ.

ಮುಧೋಳ ಕಡೆಯ 88 ನೈಟ್ರೇಟ್ ಕೂಡ ಮಿತಿ ಮೀರಿದ್ದೇ, 45 ದಾಟಬಾರದು. ಕಬ್ಬಿಗೆ ಹಾಕುವ ಯೂರಿಯಾ, ಇಲ್ಲವೇ ಹತ್ತಿರದ ಶೌಚಗುಂಡಿ, ತಿಪ್ಪೆಗುಂಡಿ. ಆರು ತಿಂಗಳೊಳಗಿನ ಕೂಸಿಗೆ ಪುಡಿ ಹಾಲು ಕಲಸಿದರೆ ಅಪಾಯ ತೀವ್ರ. ನಿಮ್ಮ ಮಗಳ ವಯಸ್ಸಿಗೆ ಅಷ್ಟಿಲ್ಲ, ಆದರೂ ಕುಡಿಯಲು, ಅಡುಗೆಗೆ ಆರ್‌ಒ ನೀರೇ ಬೇಕು.

---

ಜ್ವಾಳದ_ಸೀಮಿ:

ಮುಧೋಳದ ನೀರು 620 ಗಡಸು ಐತಿ ಅಂದ್ರ ಕಿಡ್ನಿಯಾಗ ಹರಳು ಗ್ಯಾರಂಟಿ. ಅದನ್ನ ಯಾರೂ ಹೇಳವಲ್ರಲ್ಲ?

---

ಓಣಿ_ಆರೋಗ್ಯ:

ಹೇಳದಿರಲು ಕಾರಣ ಇದೆ ಅಣ್ಣಾರ. ಗಡಸು ನೀರಿನಿಂದಲೇ ಹರಳು ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ನೀರಿನ ಕ್ಯಾಲ್ಸಿಯಂ ಊಟದ ಆಕ್ಸಲೇಟನ್ನು (ಹರಳು ಕಟ್ಟುವ ಅಂಶ) ಹೊಟ್ಟೆಯಲ್ಲೇ ಹಿಡಿದು ಹೊರಗೆ ಕಳಿಸುವುದೂ ಉಂಟು. ನಮ್ಮ ಬಿಸಿಲಿಗೆ ಹೊಲದಲ್ಲಿ ಬೆವರು ಸುರಿಸಿ, ಕುಡಿಯುವುದು ಎರಡು ತಂಬಿಗೆ, ಮೂತ್ರ ದಪ್ಪಗಾಗುತ್ತದೆ, ಹರಳು ಕಟ್ಟುತ್ತದೆ. ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು, ಮೂತ್ರದ ಬಣ್ಣ ತಿಳಿ ಇರಬೇಕು. ಗಡಸು ನೀರು ಮೊದಲು ಹಾಳು ಮಾಡುವುದು ಗೀಸರನ್ನು.

---

ಗೌಂಡಿ_ಲೆಕ್ಕ:

ಮನೆ ಕಟ್ಟುವ ಕಡೆಯಿಂದ ಎರಡು ಮಾತು.

ಮೊದಲು ಶೌಚಗುಂಡಿ. ಎರೆ ಮಣ್ಣಿನಲ್ಲಿ ಇಂಗುಗುಂಡಿ ಕೆಲಸ ಮಾಡುವುದಿಲ್ಲ. ಒಂದು ಅಡಿ ಚೌಕ, ಮೂರು ಅಡಿ ಆಳದ ತಗ್ಗು ತೋಡಿ ರಾತ್ರಿಯಿಡೀ ನೀರು ತುಂಬಿ ನೆನೆಯಲು ಬಿಡಿ. ಮರುದಿನ ಆರು ಇಂಚು ನೀರು ಹಾಕಿ ಗಡಿಯಾರ ನೋಡಿ. ಅರ್ಧ ತಾಸಿನಲ್ಲಿ ಒಂದು ಇಂಚೂ ಇಳಿಯದಿದ್ದರೆ ಇಂಗುಗುಂಡಿ ನಂಬಬೇಡಿ, ಮಳೆಗಾಲದಲ್ಲಿ ಅದು ಉಕ್ಕಿ ಓಣಿಗೇ ಬರುತ್ತದೆ. ಒಳಚರಂಡಿ ಇರುವ ಲೇಔಟ್ ಹುಡುಕಿ, ಇಲ್ಲವೇ ಸೆಪ್ಟಿಕ್ ಟ್ಯಾಂಕಿನ ನೀರಿಗೆ ಕೆಳಗೆ ಜಲ್ಲಿ–ಮರಳು ಹಾಸಿನ ತೋಟ ಮಾಡಿ. ಕುಡಿಯುವ ಬೋರಿಗೂ ಇಂಗುಗುಂಡಿಗೂ 18 ಮೀಟರ್ ಕನಿಷ್ಠ. ಕೆಳಗೆ ಬಿರುಕುಗಲ್ಲು ಇದ್ದರೆ ಆ ಅಂತರವೂ ಸಾಲದು. ಪಕ್ಕದ ಪ್ಲಾಟಿನವರ ಗುಂಡಿ ಎಲ್ಲಿ ಬರುತ್ತದೆ ಎಂಬುದನ್ನೂ ಕೇಳಿ, 30×40ರ ಸೈಟಿನಲ್ಲಿ ನಿಮ್ಮ ಅಂತರ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಎರಡನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವ ನಾಡಿದು. ಹಿಂದಿನ ಮಣ್ಣಿನ ಮಾಳಿಗೆ ದಪ್ಪ ಇತ್ತು, ಹಗಲಿನ ಕಾವು ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಐದು ಇಂಚಿನ ಸ್ಲ್ಯಾಬು ಮಧ್ಯಾಹ್ನ ಕುಡಿದ ಕಾವನ್ನು ರಾತ್ರಿ ಕೋಣೆಗೆ ಬಿಡುತ್ತದೆ, ಪತ್ರಾಸಿನ ಮನೆಯಂತೂ ಹಗಲು ಕುಲುಮೆ. ವಯಸ್ಸಾದವರಿಗೆ ಕಷ್ಟ ರಾತ್ರಿಯದೇ, ದೇಹ ತಣಿಯಲು ಬಿಡುವೇ ಸಿಗುವುದಿಲ್ಲ. ಮಾರ್ಚ್ ಮೊದಲ ವಾರ ಸ್ಲ್ಯಾಬ್ ತೊಳೆದು ಒಣಗಿಸಿ, ಜರಡಿ ಹಿಡಿದ ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಎರಡು ಕೋಟ್ ಹೊಡೆಸಿ, ಬೂದಿ ಬೀಳುವ ಕಡೆ ವರ್ಷಾ ವರ್ಷ ಹೊಡೆಸಲೇಬೇಕು, ಬಿಳುಪು ಹೋದರೆ ಫಾಯದೆ ಇಲ್ಲ. ಪಶ್ಚಿಮದ ಗೋಡೆಗೆ ಮಲಗುವ ಕೋಣೆ ಕೊಡಬೇಡಿ, ಅಲ್ಲಿ ಬಚ್ಚಲು, ಸ್ಟೋರ್ ರೂಮ್ ಬರಲಿ. ಆ ಬದಿಗೆ ಬೇವು ಹಚ್ಚಿ. ಕೂಲರ್ ಹಚ್ಚಿದರೆ ಎದುರಿನ ಕಿಟಕಿ ಸ್ವಲ್ಪ ತೆರೆದಿರಲಿ, ಮುಚ್ಚಿದ ಕೋಣೆಯಲ್ಲಿ ತೇವ ಕೂಡಿ ಉಬ್ಬಸ ಕೆಣಕುತ್ತದೆ.

ಹೊಳೆಸಾಲಿನ ಕಡೆ ಯಾವುದೇ ಜಾಗ ನೋಡಿದರೂ 2009 ಮತ್ತು 2019ರ ಮಹಾಪೂರದ ನೀರು ಎಲ್ಲಿವರೆಗೆ ಬಂದಿತ್ತು ಎಂದು ಗುಡಿ, ಶಾಲೆಯ ಗೋಡೆ ತೋರಿಸಿ ಕೇಳಿ.

---

ಘಟಪ್ರಭಾ_ದಂಡಿ:

ಮುಧೋಳ ಬಿಟ್ಟೆವು. ಹುನಗುಂದದಲ್ಲಿ ಆರ್‌ಒ ಬದಲು ಮಳೆನೀರು ಹಿಡಿದರೆ ವರ್ಷಪೂರ್ತಿ ಸಾಲುತ್ತದೆಯೇ?

---

ನೀರಿನ_ಲೆಕ್ಕ:

ಸಾಲುತ್ತದೆ. 1,000 ಚದರಡಿ ಸ್ಲ್ಯಾಬಿನ ಮೇಲೆ ವರ್ಷಕ್ಕೆ 550 ಮಿ.ಮೀ. ಮಳೆ ಹಿಡಿದು, ಐದರಲ್ಲಿ ಒಂದು ಪಾಲು ಪೋಲು ಕಳೆದರೂ ಸುಮಾರು 40,000 ಲೀಟರ್ ಸಿಗುತ್ತದೆ. ನಿಮಗೆ ಬೇಕಾದ್ದು ದಿನಕ್ಕೆ 25. ಮಳೆ ಇಲ್ಲದ ಏಳು ತಿಂಗಳಿಗೆ 5,300 ಲೀಟರ್ ಆಯಿತು. ಮಳೆ ತಡವಾಗುವ ವರ್ಷವೂ ಲೆಕ್ಕಕ್ಕೆ ಹಿಡಿದು 8,000 ಲೀಟರಿನ ಟಾಕಿ ಕಟ್ಟಿಸಿ. ಮೇ ಕೊನೆಗೆ ಸ್ಲ್ಯಾಬ್ ಗುಡಿಸಿ ತೊಳೆಯಿರಿ. ಮೊದಲ ಎರಡು ಮಳೆಯ ನೀರು ಪೂರ್ತಿ ಹೊರಗೆ ಬಿಡಿ, ಆಮೇಲೆ ಪ್ರತಿ ಮಳೆಯ ಮೊದಲ 200 ಲೀಟರ್ ಪಕ್ಕದ ಬ್ಯಾರಲ್ಲಿಗೆ ಹೋಗುವಂತೆ ಪೈಪು ಕೂರಿಸಿ. ಆ ಬ್ಯಾರಲ್ ತಳಕ್ಕೆ ಸಣ್ಣ ನಲ್ಲಿ ಇರಲಿ, ಮುಂದಿನ ಮಳೆಯೊಳಗೆ ತಾನೇ ಖಾಲಿಯಾಗಬೇಕು, ಇಲ್ಲದಿದ್ದರೆ ಎರಡನೇ ಮಳೆಗೆ ಉಪಯೋಗಕ್ಕೆ ಬರುವುದಿಲ್ಲ. ಜಲ್ಲಿ, ಮರಳು, ಇದ್ದಿಲಿನ ಫಿಲ್ಟರಿನಿಂದ ಟಾಕಿಗೆ ಬಿಡಿ. ಟಾಕಿಯೊಳಗೆ ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ, ಮುಚ್ಚಳ ಗಟ್ಟಿ ಇರಲಿ. ಹೆಚ್ಚುವರಿ ಹೊರಹೋಗುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಕಟ್ಟಿ, ಸೊಳ್ಳೆ ಅಲ್ಲಿಂದಲೇ ಇಳಿಯುತ್ತದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲದಂತೆಯೇ, ಆದರೆ ಹಕ್ಕಿ ಹಿಕ್ಕೆಯ ರೋಗಾಣು ಇರಬಹುದು, ಇದನ್ನು ಕುದಿಸಿ ಕುಡಿಯಿರಿ.